ಹದಿನೈದು ತಟ್ಟೆಗಳ ಸಿಲಾತ್

ಮೊದಲೇ ಹೇಳಿಬಿಡುತ್ತೇನೆ. ಆ ಸಿನಿಮಾವನ್ನು ನಾನು ಎಂಟು ಸಲ ನೋಡಿದ್ದೇನೆ, ಇನ್ನೂ ಎಂಟು ಸಲ ನೋಡುವವನಿದ್ದೇನೆ. ಬರೀ ಹೊಡೆದಾಟ ಎಂದು ಮೂಗು ಮುರಿಯುವವರು ಸುಮಾತ್ರಾದ ನಮ್ಮ ಪಾಯಕುಂಬುಹ್ ಊರಿನ ಬಸ್ ನಿಲ್ದಾಣದ ಎದುರಿನ ಅನ್ನದಂಗಡಿಗೆ ಬಂದು, ಜಮಾರಿಸ್ ಎಲ್ಲಿ ಎಂದು ಕೇಳಲಿ. ಇಪ್ಪತ್ತೆಂಟು ವರ್ಷದಿಂದ ಅಲ್ಲೇ ತಟ್ಟೆ ಹೊರುತ್ತಿದ್ದೇನೆ, ಓಡಿಹೋಗುವವನಲ್ಲ.

ಅದರಲ್ಲಿ ಅಂಥದ್ದೇನಿದೆ ಅನ್ನುತ್ತೀರಾ? ನಾಯಕ ನನ್ನ ಹಾಗೇ ಸಣಕಲ. ಮೈಮೇಲೊಂದು ಹರಿದ ಬನಿಯನ್ನು. ಹಾಡು ಹೇಳುವುದಿಲ್ಲ, ಗಾಳಿಯಲ್ಲಿ ಹಾರುವುದಿಲ್ಲ, ಬಂದೂಕು ಸಿಕ್ಕರೂ ಬಿಸಾಡುತ್ತಾನೆ. ಎರಡು ಮೊಳ ಅಗಲದ ಓಣಿಯಲ್ಲಿ ಇಪ್ಪತ್ತು ಜನ ಎದುರಾದಾಗ, ಮೊಣಕಾಲು ಬಾಗಿಸಿ, ನೆಲದ ಗುಟ್ಟು ಕೇಳುವವನ ಹಾಗೆ ತಗ್ಗಿ ಒಂದು ಹೆಜ್ಜೆ ಇಡುತ್ತಾನೆ ನೋಡಿ, ಆ ಹೆಜ್ಜೆ ನಮ್ಮದು! ನಮ್ಮ ಸಿಲಾತ್ ಎಂಬ ಕಾಳಗದ ವಿದ್ಯೆಯ ಹೆಜ್ಜೆ. ಊರಿನ ನಮಾಜಿನ ಮನೆಯ ಅಂಗಳದಲ್ಲಿ ನಾನೂ ಕಲಿತದ್ದೇ. ಮೂರು ತಿಂಗಳು. ಆಮೇಲೆ ಗುರುವಿಗೆ ಹುಂಜ ಕೊಡಬೇಕಿತ್ತು, ನಮ್ಮವ್ವ ಹುಂಜ ಬಿಡಲಿಲ್ಲ. ಬಿಟ್ಟಿದ್ದರೆ ಇವತ್ತು ಪರದೆಯ ಮೇಲೆ ಯಾರಿರುತ್ತಿದ್ದರು ಎಂಬುದನ್ನು ನೀವೇ ಊಹಿಸಿ.

ನನ್ನ ಹೆಂಡತಿ ರೊಸ್ನೇಲಿಗೆ ಇದನ್ನು ಹೇಳಿದರೆ, ಬಚ್ಚಲಲ್ಲಿ ಒಂದು ಜಿರಳೆ ಇದೆ, ಮೊದಲು ಅದಕ್ಕೆ ಹೆಜ್ಜೆ ತೋರಿಸಿ ಬನ್ನಿ ಅನ್ನುತ್ತಾಳೆ.

ಹೋದ ತಿಂಗಳು ಚಹಾದಂಗಡಿಯಲ್ಲಿ ಒಬ್ಬ ಮುದುಕ ಕೂತಿದ್ದ. ಯಾರೋ ಸಿನಿಮಾದ ಮಾತೆತ್ತಿದರು. ಸಿಲಾತ್ ಆಡುವವರು ಯಾರೂ ಹಾಗೆ ಹೆಜ್ಜೆ ಇಡುವುದಿಲ್ಲ, ಅದೆಲ್ಲ ಕ್ಯಾಮೆರಾದ ಆಟ ಎಂದ ಆತ. ನನಗೆ ಸಿಟ್ಟು ನೆತ್ತಿಗೇರಿತು. ಮೇಜು ಗುದ್ದಿದೆ. ಕಿವಿಯಲ್ಲಿ ಕೂದಲು ಬೆಳೆದವರಿಗೆ ಸಿನಿಮಾ ಏನು ಗೊತ್ತು, ನಾನೇ ಆ ಹೆಜ್ಜೆ ಇಟ್ಟು ತೋರಿಸುತ್ತೇನೆ ಎಂದೆ. ಮುದುಕ ಚಹಾ ಮುಗಿಸಿ, ಒಂದಿನ ನೋಡೋಣ ಎಂದು ಎದ್ದುಹೋದ.

ಆ ಒಂದು ದಿನ ಯಾವುದಾಗಿರಬೇಕು? ನನ್ನ ಮಗಳು ಯೆಲ್ಮಿಯ ಸಂಬಂಧ ಗಟ್ಟಿಯಾಗಬೇಕಿದ್ದ ದಿನ!

ನಮ್ಮಲ್ಲಿ ಹೆಣ್ಣಿನ ಕಡೆಯವರೇ ಹೋಗಿ ಗಂಡನ್ನು ಕೇಳುವುದು, ಮದುವೆಯಾದ ಮೇಲೆ ಗಂಡೇ ಹೆಣ್ಣಿನ ಮನೆಗೆ ಬಂದಿರುವುದು. ನನ್ನೊಬ್ಬನನ್ನು ಬಿಟ್ಟು ಮನೆಯವರು ಹೋಗಿ ಕೇಳಿ ಬಂದಾಗಿತ್ತು. ಆಗುತ್ತದೆ ಅಥವಾ ಇಲ್ಲ ಎಂದು ಹೇಳಲು ಹುಡುಗನ ಸೋದರಮಾವ ನಾಲ್ಕು ಜನ ಹಿರಿಯರೊಂದಿಗೆ ಬರುವವರಿದ್ದರು. ಎರಡೂ ಕಡೆ ಮಾತು ಸೋದರಮಾವಂದಿರದೇ. ನಮ್ಮ ಕಡೆಗೆ ನನ್ನ ಹೆಂಡತಿಯ ಅಣ್ಣ, ಕುಲದ ಯಜಮಾನರಾದ ದಾತುಕ್ ಇದ್ದಾರೆ, ತಲೆಗೆ ಕರಿ ಪೇಟ ಸುತ್ತಿಕೊಂಡು. ಹೆತ್ತ ಅಪ್ಪ? ಅವನು ಹೆಂಡತಿಯ ಮನೆಯಲ್ಲಿ ಸುಟ್ಟ ಬೊಡ್ಡೆಯ ಮೇಲಿನ ಬೂದಿ, ಗಾಳಿ ಬಂದರೆ ಇಲ್ಲ. ಅಳಿಯಂದಿರ ಕೆಲಸ ಬಡಿಸುವುದು. ಬಡಿಸಲು ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲಿಲ್ಲ, ಆ ಮಾತು ಬೇರೆ.

ಎಡಗೈ ಮೇಲೆ ಭುಜದವರೆಗೆ ಹದಿನೈದು ತಟ್ಟೆ ಜೋಡಿಸಿಕೊಂಡು ಹೊರಟೆ. ರೆಂದಾಂಗ್ ಮಾಂಸ, ಹಲಸಿನಕಾಯಿ ಸಾರು, ಮೆಣಸಿನಕಾಯಿ ಚಟ್ನಿ. ನಡುಮನೆಗೆ ಕಾಲಿಟ್ಟು ನೋಡುತ್ತೇನೆ, ಮೇಲಿನ ಚಾಪೆಯ ಮೇಲೆ ಅದೇ ಕಿವಿ, ಅದೇ ಕೂದಲು. ದಾತುಕ್ ಪರಿಚಯ ಮಾಡಿಸಿದರು. ಹುಡುಗನ ಸೋದರಮಾವ, ಮಾಲಿನ್ ಸಾತಿ. ಮೇಲಿನೂರಿನಲ್ಲಿ ನಲವತ್ತು ವರ್ಷದಿಂದ ಸಿಲಾತ್ ಗುರುಗಳು.

ಕೋಣೆ ಬಾಗಿಲ ಸಂದಿಯಲ್ಲಿ ಯೆಲ್ಮಿಯ ಮುಖ ಸುಣ್ಣವಾಗಿತ್ತು. ಚಹಾದಂಗಡಿಯ ಕತೆಯನ್ನು ನಾನೇ ಅವಳ ಮುಂದೆ ಕೊಚ್ಚಿಕೊಂಡಿದ್ದೆ, ಕಿವಿಯ ಸಮೇತ.

ಮಾಲಿನ್ ಸಾತಿ ಬಹಳ ಮೆತ್ತಗೆ ಕೇಳಿದರು. "ಒಂದು ಹೆಜ್ಜೆ ತೋರಿಸ್ತೀನಿ ಅಂದಿದ್ರಿ. ತಟ್ಟೆ ಇಳಿಸಿದ ಮೇಲೆ ನೋಡಬಹುದೋ?"

ಅಡುಗೆಮನೆಯಿಂದ ರೊಸ್ನೇಲಿ, "ರೀ, ಬಡಿಸಿ ಸುಮ್ನೆ ಒಳಗೆ ಬನ್ನಿ" ಎಂದಳು.

ಬರಬಹುದಿತ್ತು. ತಪ್ಪಾಯಿತು ಎಂದು ಕೈಮುಗಿಯಲೂಬಹುದಿತ್ತು. ಕೈ ಖಾಲಿ ಇರಲಿಲ್ಲ.

"ಇಳಿಸೋದ್ಯಾಕೆ? ತಟ್ಟೆ ಸಮೇತನೇ ನೋಡಿ" ಎಂದೆ.

ಮೊಣಕಾಲು ಬಾಗಿಸಿದೆ. ತಗ್ಗಿದೆ. ನಾಯಕನ ಹಾಗೇ ಬಲಗಾಲು ಮುಂದೆ ಹಾಕಿದೆ. ನನಗೆ ತಿಳಿಯದ ಸಂಗತಿ ಒಂದೇ. ರೆಂದಾಂಗಿಗೆ ಹಾಲು ಹಿಂಡಿ ಉಳಿದ ಹನ್ನೆರಡು ತೆಂಗಿನಕಾಯಿಯ ತುರಿಯಿಂದ ನಮ್ಮತ್ತೆ ಆ ಮರದ ನೆಲವನ್ನು ಬೆಳಿಗ್ಗೆಯೆಲ್ಲ ಉಜ್ಜಿ ಕನ್ನಡಿ ಮಾಡಿದ್ದರು.

ಮುಂದೆ ಹೋದ ಬಲಗಾಲು ಮುಂದೆಯೇ ಹೋಯಿತು. ಹಿಂದೆ ನಾನು. ಕುಂಡಿಯ ಮೇಲೆ ಕೂತು, ಸಾಲಾಗಿ ಕುಳಿತ ಹಿರಿಯರ ನಡುವೆ ರಾಜಮೆರವಣಿಗೆ ಹೊರಟೆ! ಅತ್ತೆಯ ಎಲೆಯಡಿಕೆ ತಟ್ಟೆ ಒಂದು ಕಡೆ ಹಾರಿತು. ದಾತುಕ್ ತಪ್ಪಿಸಿಕೊಳ್ಳಲು ಬಗ್ಗಿದರು, ಅವರ ಪೇಟ ನನ್ನ ಮೊಣಕಾಲಿಗೆ ಬಂದು ಕೂತಿತು. ಕೊನೆಗೆ ಮಾಲಿನ್ ಸಾತಿಯವರ ಮಡಿಲ ಹತ್ತಿರ, ಅವರ ಪಾದಕ್ಕೆ ನನ್ನ ಪಾದ ತಾಗಿ ಮೆರವಣಿಗೆ ನಿಂತಿತು.

ಯೆಲ್ಮಿಯ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಆ ಸದ್ದು ಕೇಳಿ ನನ್ನ ಜಂಬವೆಲ್ಲ ಇಳಿದುಹೋಯಿತು. ನನ್ನ ಬಾಯಿ ನನ್ನ ಮಗಳನ್ನು ತಿಂದಿತಲ್ಲ ಅನ್ನಿಸಿತು.

ಮಾಲಿನ್ ಸಾತಿ ನನ್ನ ಕಾಲು ನೋಡಲಿಲ್ಲ. ಎಡಗೈ ನೋಡುತ್ತಿದ್ದರು. ಅದು ಮೇಲೆ ಎತ್ತಿದ್ದು ಎತ್ತಿದ ಹಾಗೇ ಇತ್ತು. ಅವರು ಬೆರಳಿಟ್ಟು ಎಣಿಸಿದರು. ಹದಿನೈದು. ನೆಲದ ಮೇಲೆ ಒಂದು ಹನಿ ಸಾರು ಇರಲಿಲ್ಲ.

"ಹತ್ತು ವರ್ಷ ಕಲಿತ ನನ್ನ ಶಿಷ್ಯರಿಗೂ ಈ ಕೈ ಇಲ್ಲ," ಎಂದರು ದಾತುಕ್ ಕಡೆ ತಿರುಗಿ. "ಬಿದ್ದರೂ ಅತಿಥಿಗಳ ಊಟ ಬೀಳಿಸದ ಮನೆ. ನಮ್ಮ ಹುಡುಗ ಇಲ್ಲಿಗೆ ಬರಲಿ."

ನೋಡಿದಿರಾ? ಸಂಬಂಧ ಗಟ್ಟಿಯಾದದ್ದು ಯಾರಿಂದ? ಮದುವೆ ದಿನ ದಿಬ್ಬಣವನ್ನು ಎದುರುಗೊಳ್ಳುವ ಸಿಲಾತ್ ತಂಡಕ್ಕೆ ನಾನೇ ಮುಂದಾಳು ಎಂದು ಅಲ್ಲೇ ಘೋಷಿಸಿದೆ. ಮಾಲಿನ್ ಸಾತಿ ಯೋಚಿಸಿ, ನಾನೂರು ಜನರಿಗೆ ಬಡಿಸುವ ಕೆಲಸ ನೀವೇ ವಹಿಸಿಕೊಳ್ಳಿ ಎಂದರು.

ಆದರೂ ನಾನು ಬಗ್ಗಲಿಲ್ಲ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಎಂಟನೇ ಸಲ ಸಿನಿಮಾಕ್ಕೆ ಹೋದೆ, ಈ ಸಲ ರೊಸ್ನೇಲಿಯನ್ನೂ ಕರೆದುಕೊಂಡು. ನೀನೇ ನೋಡು, ಆಮೇಲೆ ಮಾತಾಡು ಎಂದೆ. ಅವಳು ಕಣ್ಣು ಮಿಟುಕಿಸದೆ ನೋಡಿದಳು. ನಾಯಕ ಅಡುಗೆಮನೆಯಲ್ಲಿ ಒಬ್ಬನೇ ಆರು ಜನರನ್ನು ಮಲಗಿಸಿದಾಗ ನಾನು ಹೆಮ್ಮೆಯಿಂದ ಅವಳ ಕಡೆ ತಿರುಗಿದೆ.

"ಒಳ್ಳೆ ಹುಡುಗ," ಎಂದಳು. "ಆದರೆ ಎಷ್ಟೊಂದು ತಟ್ಟೆ ಒಡೆದ ನೋಡಿ. ನಿಮ್ಮಂಗಡೀಲಿ ಇವನನ್ನ ಒಂದು ದಿನಾನೂ ಇಟ್ಕೊಳ್ಳಲ್ಲ."

ಎಂಟು ಸಲ ನೋಡಿದ್ದೆ. ತಟ್ಟೆಗಳನ್ನು ನಾನು ಒಮ್ಮೆಯೂ ನೋಡಿರಲಿಲ್ಲ.