ತ್ರೆತ್ಯಾಕನ ಪಕ್ಷದ ಸೇಸಪ್ಪ

ಒಂದೇ ಒಂದು ವಾಕ್ಯ, ಅದೂ ಚಹಾ ಕುಡಿಯುತ್ತ ಆಡಿದ್ದು. ಅಷ್ಟಕ್ಕೇ ಹನ್ನೊಂದು ದಿನದಿಂದ ಸೇಸಪ್ಪನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಸೇಸಪ್ಪ ಕುವೈತಿನ ಒಂದು ಐಸ್ ಸ್ಕೇಟಿಂಗ್ ಅಂಗಣದಲ್ಲಿ ಹನ್ನೆರಡು ವರ್ಷದಿಂದ ಐಸ್ ಗಾಡಿ ಓಡಿಸುವವನು. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು. ಒಳಗೆ ಇವನು ಉಣ್ಣೆ ಟೊಪ್ಪಿ ಹಾಕಿ, ಗಾಡಿಯ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಗಣಪತಿಯನ್ನು ನೆನೆದು, ಮಕ್ಕಳು ಗೀರಿ ಹಾಕಿದ ಮಂಜುಗಡ್ಡೆಗೆ ನೀರೆರೆದು ಕನ್ನಡಿ ಮಾಡುತ್ತಿದ್ದ. ಸಗಣಿ ಸಾರಿಸಿದ ಅಂಗಳ ಒಣಗುವವರೆಗೆ ಮನೆಯವರೆಲ್ಲ ಜಗಲಿಯಲ್ಲೇ ನಿಲ್ಲಬೇಕಲ್ಲ, ಹಾಗೆ ಆ ನೀರು ಗಟ್ಟಿಯಾಗುವವರೆಗೆ ಹತ್ತು ನಿಮಿಷ ಯಾರೂ ಒಳಗೆ ಕಾಲಿಡುವಂತಿಲ್ಲ. ರಷ್ಯಾದ ಕೋಚ್ ಗೆನ್ನಾದಿಗೂ ಸೇಸಪ್ಪನಿಗೂ ದೇವರು ಕೊಟ್ಟ ಗೆಳೆತನ ಆ ಹತ್ತು ನಿಮಿಷದ್ದು.

ಆ ಹತ್ತು ನಿಮಿಷದಲ್ಲಿ ದಿನಾ ಒಂದೇ ಪ್ರಸಂಗ. ರಷ್ಯಾದ ಐಸ್ ಹಾಕಿ ಆಟಗಾರರಲ್ಲೆಲ್ಲ ದೊಡ್ಡವನು ಯಾರು? ಗೆನ್ನಾದಿಗೆ ಖರ್ಲಾಮೊವ್. ಹದಿನೇಳು ನಂಬರಿನ ಅಂಗಿ ತೊಟ್ಟು ಗಾಳಿಯ ಹಾಗೆ ನುಗ್ಗುತ್ತಿದ್ದವನು, ಮೂವತ್ತಮೂರನೆಯ ವಯಸ್ಸಿಗೇ ಕಾರು ಅಪಘಾತದಲ್ಲಿ ತೀರಿಹೋದವನು. ಸೇಸಪ್ಪನಿಗೆ ತ್ರೆತ್ಯಾಕ್, ಗೋಲು ಕಾಯುವವನು.

ಸೇಸಪ್ಪ ಈ ಪಕ್ಷ ಹಿಡಿದದ್ದು ಹೇಗೆಂದರೆ, ಊರಲ್ಲಿ ಅವನು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನ ಯುದ್ಧ. ಎದುರಿನವನು ಅರ್ಜುನನಾದರೆ ತಾನು ಕರ್ಣ. ಎದುರಿನವನು ನಾಳೆ ಕರ್ಣನಾದರೆ ತಾನು ಅರ್ಜುನ. ಎದುರಾಳಿಯ ಮಾತಿಗೆ ತಲೆದೂಗಿ ಸುಮ್ಮನೆ ಕೂರುವುದು ಅಲ್ಲಿ ದೊಡ್ಡ ಅವಮರ್ಯಾದೆ. ಹಾಗಾಗಿ ಮೊದಲ ದಿನ ಗೆನ್ನಾದಿ ಫೋನಿನಲ್ಲಿ ಹಳೆಯ ಪಂದ್ಯ ತೋರಿಸಿ, "ಇವನು ಖರ್ಲಾಮೊವ್, ಎಲ್ಲರಿಗಿಂತ ದೊಡ್ಡವನು" ಎಂದಾಗ, ಸೇಸಪ್ಪ ಪರದೆಯ ಮೂಲೆಯಲ್ಲಿ ಮುಖವಾಡ ಹಾಕಿ ನಿಂತವನನ್ನು ತೋರಿಸಿ, "ಅಲ್ಲ, ಇವ" ಎಂದುಬಿಟ್ಟಿದ್ದ. ಅಲ್ಲಿಂದ ಹನ್ನೆರಡು ವರ್ಷ.

ಅವರ ಭಾಷೆ ಮುರುಕು ಇಂಗ್ಲಿಷು, ನಾಲ್ಕಾರು ಅರಬ್ಬಿ ಶಬ್ದ, ಸೇಸಪ್ಪನಿಂದ ಗೆನ್ನಾದಿಗೆ ಅಂಟಿಕೊಂಡ ಒಂದು 'ಮಾರಾಯ'. ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತಿತ್ತು:

"ಎಂಬತ್ತನೇ ಇಸವಿಯಲ್ಲಿ ಅಮೆರಿಕದ ಎದುರು ನಿನ್ನ ತ್ರೆತ್ಯಾಕನನ್ನು ಆಟದ ನಡುವೆಯೇ ಎಬ್ಬಿಸಿ ಬೆಂಚಿನಲ್ಲಿ ಕೂರಿಸಿದರು. ಗೊತ್ತಾ ಮಾರಾಯ?"

"ಆಮೇಲೆ ಸೋತದ್ದು ಯಾರು ಕೋಚ್? ಕಾವಲಿನವನನ್ನು ಎಬ್ಬಿಸಿ ಕಳಿಸಿದ ಮೇಲೆ ಮನೆಗೆ ಕಳ್ಳ ನುಗ್ಗಿದರೆ ತಪ್ಪು ಕಾವಲಿನವನದ್ದಾ, ಯಜಮಾನನದ್ದಾ?"

ಇಂಥ ಮಾತಿಗೆ ಗೆನ್ನಾದಿ ತೊಡೆ ತಟ್ಟಿ ನಗುತ್ತಿದ್ದ. ಮರುದಿನ ಇನ್ನೊಂದು ಬಾಣ ತರುತ್ತಿದ್ದ.

ಹನ್ನೊಂದು ದಿನದ ಹಿಂದೆ ಹಾಗಾಗಲಿಲ್ಲ. ವಯಸ್ಸಾಯಿತೆಂದು ಗೆನ್ನಾದಿಯ ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ನವೀಕರಿಸುವುದಿಲ್ಲ ಎಂದು ಆಗಲೇ ಹೇಳಿಯಾಗಿತ್ತು. ಅವನು ಚಹಾದ ಜೊತೆ ತನ್ನ ಊರಿನ, ಬಳೆಯಾಕಾರದ ಗಟ್ಟಿ ರಸ್ಕು ಕಡಿಯುತ್ತಿದ್ದ. ಖರ್ಲಾಮೊವನ ವೇಗದ ಬಗ್ಗೆ ಏನೋ ಹೇಳಿದ. ಸೇಸಪ್ಪ ಚಹಾದ ಲೋಟ ಕೆಳಗಿಟ್ಟು, ಊರಲ್ಲಾದರೆ ನೂರು ಜನ ತಲೆದೂಗುವ ಮಾತು ಹೇಳಿದ.

"ಓಡುವವ ಓಡಿಯೇ ಹೋದ ಕೋಚ್. ಬಾಗಿಲು ಕಾಯುವವ ಇನ್ನೂ ಇದ್ದಾನೆ."

ಗೆನ್ನಾದಿಯ ಕಣ್ಣಲ್ಲಿ ನೀರು ಬಂತು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದ. ಅಂದಿನಿಂದ ಬಾಯಿ ಬಿಡಲಿಲ್ಲ. ಮಕ್ಕಳಿಗೆ ಸೀಟಿಯಲ್ಲೇ ಪಾಠ. ಸೇಸಪ್ಪನಿಗೆ ದೂರದಿಂದಲೇ ತಲೆ ಅಲ್ಲಾಡಿಸಿದರೆ ಅದೇ ಹೆಚ್ಚು. ಸತ್ತವನನ್ನು ಹಂಗಿಸಿದೆನಲ್ಲ ದೇವರೇ ಎಂದು ಸೇಸಪ್ಪ ಬೆಳಿಗ್ಗೆ ಬೆಳಿಗ್ಗೆ ಗಣಪತಿಗೆ ತಪ್ಪುಕಾಣಿಕೆ ಹೇಳಿಕೊಂಡ. ಆದರೆ ತಪ್ಪು ಒಪ್ಪಿಸಬೇಕಾದದ್ದು ಗಣಪತಿಗಲ್ಲವಲ್ಲ.

ಈ ದಿನ ಗೆನ್ನಾದಿ ಹೊರಡುವ ದಿನ. ಮೂರು ಗಂಟೆಗೆ ಫಿಂಟಾಸ್ ಬಡಾವಣೆಯ ಮನೆಯಿಂದ ವಿಮಾನ ನಿಲ್ದಾಣಕ್ಕೆ. ಹೋದರೆ ಮತ್ತೆ ಬರುವವನಲ್ಲ.

"ಸೇಸಪ್ಪಣ್ಣ, ನಿಮ್ಮ ಮುಖ ಯಾಕೆ ಹಳೇ ಚಪಾತಿ ಹಾಗೆ ಆಗಿದೆ?" ಎಂದಳು ಟಿಕೆಟ್ ಕೌಂಟರಿನ ಲೊರೈನ್. ಅವಳು ಮಂಗಳೂರಿನವಳು, ಬೇರೆಯವರ ಕಷ್ಟ ತನ್ನ ಕೌಂಟರಿಗೇ ಬರಬೇಕು ಎನ್ನುವವಳು.

ಸೇಸಪ್ಪ ಹೇಳಿದ. ಹೇಳಿ ಮುಗಿಯುವಷ್ಟರಲ್ಲಿ ಕ್ಯಾಂಟೀನಿನ ಸುಕೇಶನೂ ವ್ಯಾನ್ ಡ್ರೈವರ್ ರಹ್ಮತ್ತನೂ ಬಂದು ನಿಂತಾಗಿತ್ತು.

"ಇಬ್ಬರೂ ಬೇಡ, ಒವೆಚ್ಕಿನ್ ಅಂತ ಹೇಳಿ," ಎಂದ ಸುಕೇಶ. "ಮೂರನೆಯವ ಬಂದ್ರೆ ಜಗಳವೇ ಇಲ್ಲ. ಈಗಿನ ಮಕ್ಕಳೆಲ್ಲ ಅವನನ್ನೇ ಹೇಳುವುದು."

"ಬುರೆ ಅಂತ ಒಬ್ಬ ಇದ್ದಾನಂತಲ್ಲ," ಎಂದ ರಹ್ಮತ್. "ಹೆಸರಲ್ಲೇ ಬುರಾ ಉಂಟು, ಅವ ಹೇಗೆ ದೊಡ್ಡವ ಆದ ಅಂತ ನನಗೆ ಅರ್ಥ ಆಗುದಿಲ್ಲ."

"ನೀವಿಬ್ಬರು ಸ್ವಲ್ಪ ಬಾಯಿ ಮುಚ್ಚಿ," ಎಂದಳು ಲೊರೈನ್. "ಸೇಸಪ್ಪಣ್ಣ, ಬರೀ ಸಾರಿ ಸಾಲುದಿಲ್ಲ. ಅವರ ಆಳೇ ದೊಡ್ಡವ ಅಂತ ಒಪ್ಪಿಬಿಡಿ. ಒಂದು ಕೇಕಿನ ಮೇಲೆ ಹೆಸರು ಬರೆಸಿ ಕೊಂಡುಹೋಗಿ."

"ಅದು ಹೇಗಾಗ್ತದೆ ಮಾರಾಯ್ತಿ. ನಾನು ತ್ರೆತ್ಯಾಕ್."

"ನೀವು ಸೇಸಪ್ಪ," ಎಂದಳು ಲೊರೈನ್. "ಹೋಗಿ. ಮ್ಯಾನೇಜರ್ ಕೇಳಿದ್ರೆ ಸಿವಿಲ್ ಐಡಿ ಕೆಲಸಕ್ಕೆ ಹೋಗಿದ್ದಾರೆ ಅಂತ ಹೇಳ್ತೇನೆ."

ಬೇಕರಿಯಲ್ಲಿ ಸಿದ್ಧವಾಗಿದ್ದದ್ದು ಒಂದೇ ಕೇಕು, ಅದರ ಮೇಲೆ ಆಗಲೇ 'ಹ್ಯಾಪಿ ಬರ್ತ್‌ಡೇ' ಎಂದಿತ್ತು. ಬೇಕರಿಯ ನ್ಯಾನ್ಸಿ ಕ್ರೀಮಿನ ಕೊಳವೆ ಹಿಡಿದು ಹೆಸರು ಕೇಳಿದಳು. ಸೇಸಪ್ಪ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿ ಖರ್ಲಾಮೊವ್ ಎಂದು ಬರೆಸಿದ.

"ಎಷ್ಟು ವರ್ಷ? ಮೇಣದಬತ್ತಿ ಹಾಕಬೇಕಲ್ಲ."

"ತೀರಿಹೋಗಿದ್ದಾನೆ," ಎಂದ ಸೇಸಪ್ಪ.

ನ್ಯಾನ್ಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಮೇಣದಬತ್ತಿಯನ್ನು ದುಡ್ಡಿಲ್ಲದೆ ಕೊಟ್ಟಳು.

ರಹ್ಮತ್ತನ ವ್ಯಾನಿನ ಏಸಿ ಆ ದಿನವೇ ಕೆಡಬೇಕೆಂದು ಹಣೆಯಲ್ಲಿ ಬರೆದಿತ್ತು. ಜೂನ್ ತಿಂಗಳ ಎರಡು ಗಂಟೆ, ಹೆದ್ದಾರಿಯಲ್ಲಿ ಕಾರುಗಳು ಇರುವೆಸಾಲಿನ ಹಾಗೆ. ಸೇಸಪ್ಪ ತೊಡೆಯ ಮೇಲಿನ ಡಬ್ಬಿಯನ್ನು ಹಸುಗೂಸಿನ ಹಾಗೆ ಹಿಡಿದಿದ್ದ.

"ಸತ್ತವನಿಗೆ ಹ್ಯಾಪಿ ಬರ್ತ್‌ಡೇ ಅಂತ ಕೊಟ್ರೆ ಇನ್ನೊಮ್ಮೆ ಹಂಗಿಸಿದ ಹಾಗೆ ಆಗುದಿಲ್ವಾ ಸೇಸಪ್ಪಣ್ಣ?" ಎಂದ ರಹ್ಮತ್ ಸಿಗ್ನಲ್ಲಿನಲ್ಲಿ. ಸೇಸಪ್ಪ ಗಡಬಡಿಸಿ ಡಬ್ಬಿಯ ಮುಚ್ಚಳ ತೆಗೆದ. ರಹ್ಮತ್ ಚಮಚ ತೆಗೆದು 'ಹ್ಯಾಪಿ ಬರ್ತ್‌ಡೇ'ಯನ್ನು ಕೆರೆದ. ಹಸಿರು ದೀಪ ಬಂತು, ಹಿಂದಿನವನು ಹಾರ್ನ್ ಹೊಡೆದ, ಚಮಚ ಜಾರಿತು. ಹೆಸರಿನ ಬಾಲವೆಲ್ಲ ಚಮಚಕ್ಕೆ ಬಂತು. ನಡುವಿನ 'ಎಲ್' ಅಕ್ಷರ ಕರಗಿ ಡಬ್ಬಿಯ ಅಂಚಿಗೆ ಹರಿಯಿತು. ಉಳಿದದ್ದು 'ಖರಾ'.

ಪೇಟೆಯ ಅರಬ್ಬಿಯಲ್ಲಿ ಆ ಎರಡಕ್ಷರಕ್ಕೆ ಕಕ್ಕಸಿನಲ್ಲಿ ಬಿಟ್ಟು ಬರುವ ವಸ್ತು ಎಂದು ಅರ್ಥ. ಅದು ಸೇಸಪ್ಪನ ತಲೆಗೆ ಹೊಳೆಯಲಿಲ್ಲ. ಗೆನ್ನಾದಿಯ ಕಟ್ಟಡದ ಬಾಗಿಲಲ್ಲಿದ್ದ ಈಜಿಪ್ಟಿನ ವಾಚ್‌ಮನ್‌ಗೆ ಹೊಳೆಯಿತು. ಡಬ್ಬಿ ತೆರೆಸಿದ ಅವನು ನಿಧಾನವಾಗಿ ಓದಿದ, ಮತ್ತೊಮ್ಮೆ ಓದಿದ, ಆಮೇಲೆ ಸೇಸಪ್ಪನ ಮುಖ ಓದಿದ.

"ಊರು ಬಿಟ್ಟು ಹೋಗುವ ಮುದುಕನಿಗೆ ಇದನ್ನು ಕೊಡ್ತೀಯಾ?"

"ಇದು ಅವರಿಗೆ ತುಂಬ ಇಷ್ಟ," ಎಂದ ಸೇಸಪ್ಪ.

ವಾಚ್‌ಮನ್ ಹುಬ್ಬೇರಿಸಿದ. ಆಗ ಡಬ್ಬಿಯೊಳಗೆ ಓದಿ ನೋಡಿದ ಸೇಸಪ್ಪ ಗಾಬರಿಯಲ್ಲಿ, ನಮ್ಮಲ್ಲಿ ಖರ ಎಂದರೆ ಒಬ್ಬ ರಾಕ್ಷಸ, ದೂಷಣನ ಅಣ್ಣ, ರಾಮದೇವರು ಕೊಂದದ್ದು ಎಂದು ವಿವರಿಸಹೊರಟ. ಅದರಿಂದ ಏನೂ ಉಪಕಾರವಾಗಲಿಲ್ಲ. ಕೇಕು ವಾಚ್‌ಮನ್ನನ ಮೇಜಿನ ಕೆಳಗೆ ಹೋಯಿತು. ಸೇಸಪ್ಪನನ್ನು ಲಿಫ್ಟಿನ ಹತ್ತಿರ ಬಿಡುವುದಿಲ್ಲವೆಂದಾಯಿತು. ಗಡಿಯಾರ ಮೂರಕ್ಕೆ ಐದು ನಿಮಿಷ ತೋರಿಸುತ್ತಿತ್ತು.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಎರಡು ಪೆಟ್ಟಿಗೆ ಎಳೆದುಕೊಂಡು ಗೆನ್ನಾದಿ ಬಂದ. ಸೇಸಪ್ಪನನ್ನು ಕಂಡದ್ದೇ ಅವನ ಮುಖ ಅರಳಿತು. ಕಿಸೆಗೆ ಕೈ ಹಾಕಿ ಮಡಚಿದ ಒಂದು ಕಾಗದ ತೆಗೆದ.

ಅವನು ಬಾಯಿ ತೆರೆಯುವ ಮೊದಲೇ ಹೇಳಿಬಿಡಬೇಕು ಎಂದು ಸೇಸಪ್ಪ ಕೈಜೋಡಿಸಿದ. "ಕೋಚ್, ತಪ್ಪಾಯಿತು. ಖರ್ಲಾಮೊವೇ ದೊಡ್ಡವ. ತ್ರೆತ್ಯಾಕ್ ಖಲಾಸ್. ನಾನು ಸೋತೆ. ನನ್ನ ಮೇಲೆ ಸಿಟ್ಟು ಇಟ್ಟುಕೊಂಡು ಹೋಗಬೇಡಿ."

ಗೆನ್ನಾದಿ ಕಾಗದ ಹಿಡಿದ ಕೈಯನ್ನು ಕೆಳಗಿಳಿಸಿದ. "ಸಿಟ್ಟು? ಎಂಥ ಸಿಟ್ಟು ಮಾರಾಯ?"

"ಹನ್ನೊಂದು ದಿನದಿಂದ ನೀವು ನನ್ನ ಹತ್ತಿರ ಮಾತಾಡಲಿಲ್ಲ."

ಗೆನ್ನಾದಿ ಬೆರಳಿನಿಂದ ಮೇಲಿನ ತುಟಿ ಎತ್ತಿ ತೋರಿಸಿದ. ಅಲ್ಲಿ ಹಲ್ಲುಗಳ ಹೊಸ ಸಾಲು, ಅಂಗಡಿಯ ಗಾಜಿನ ಹಿಂದಿನ ಪಿಂಗಾಣಿಯ ಹಾಗೆ. "ಇಪ್ಪತ್ತೆರಡರ ವಯಸ್ಸಿಗೇ ಮುಂದಿನ ಆರು ಹಲ್ಲನ್ನು ಆಟಕ್ಕೆ ಕೊಟ್ಟವನು ನಾನು. ಕಟ್ಟಿಸಿದ ಸೆಟ್ಟು ಆ ದಿನ ರಸ್ಕು ಕಡಿದು ಎರಡು ಹೋಳಾಯಿತು. ನೋವಿಗೆ ಕಣ್ಣಲ್ಲಿ ನೀರು. ಹಲ್ಲಿಲ್ಲದ ಬಾಯಲ್ಲಿ ಮಕ್ಕಳ ಎದುರು ಏನು ಮಾತಾಡಲಿ? ಹೊಸದು ಇವತ್ತು ಬೆಳಿಗ್ಗೆ ಸಿಕ್ಕಿತು."

ಸೇಸಪ್ಪ ಜೋಡಿಸಿದ ಕೈ ಇಳಿಸಿದ.

"ಬಾಗಿಲು ಕಾಯುವವ ಇನ್ನೂ ಇದ್ದಾನೆ," ಎಂದು ಗೆನ್ನಾದಿ ಮೆಲ್ಲಗೆ ಹೇಳಿದ. "ಹನ್ನೆರಡು ವರ್ಷದಲ್ಲಿ ನೀನು ಹೇಳಿದ ಅತಿ ಒಳ್ಳೆಯ ಮಾತು. ಅದಕ್ಕೆ ಉತ್ತರ ಹುಡುಕಲು ನನಗೆ ಹತ್ತು ದಿನ ಹಿಡಿಯಿತು. ಡಿಕ್ಷನರಿ ನೋಡಿ ಇಂಗ್ಲಿಷಿನಲ್ಲಿ ಬರೆದೆ. ದಾರಿಯಲ್ಲಿ ನಿನ್ನ ಅಂಗಣಕ್ಕೆ ಬಂದು, ಎದುರು ನಿಲ್ಲಿಸಿ ಓದಬೇಕು ಅಂತಿದ್ದೆ."

"ಓದಿ ಕೋಚ್."

"ಯಾರಿಗೆ ಓದಲಿ?" ಗೆನ್ನಾದಿ ಸುತ್ತ ನೋಡಿದ. ನಿಜವಾಗಿಯೂ ಹುಡುಕುವವನ ಹಾಗೆ ನೋಡಿದ. "ನಾನು ಖರ್ಲಾಮೊವ್. ಈಗ ನೀನೂ ಖರ್ಲಾಮೊವ್."

"ಇಲ್ಲ ಇಲ್ಲ. ನಾನು ತ್ರೆತ್ಯಾಕ್. ಈಗ ಹೇಳಿದ್ದು ಸುಮ್ಮನೆ."

"ಸುಮ್ಮನೆ ಅಂದರೆ?"

ಇಲ್ಲಿ ಸುಮ್ಮನಿದ್ದಿದ್ದರೆ ಸೇಸಪ್ಪ ಬಚಾವಾಗುತ್ತಿದ್ದ. ಆದರೆ ಅರ್ಥಧಾರಿಯ ನಾಲಿಗೆ ಅದು, ವಿವರಣೆಗೆ ಇಳಿಯಿತು. ನಮ್ಮ ಊರಲ್ಲಿ ಹೀಗೊಂದು ಪದ್ಧತಿ ಉಂಟು ಕೋಚ್, ಎದುರಿನವ ಒಂದು ಪಕ್ಷ ಹಿಡಿದರೆ ನಾವು ಇನ್ನೊಂದು ಹಿಡಿಯಬೇಕು, ಅದು ಅವನಿಗೆ ಕೊಡುವ ಮರ್ಯಾದೆ, ನೀವು ಮೊದಲ ದಿನ ತ್ರೆತ್ಯಾಕ್ ಅಂದಿದ್ದರೆ ನಾನು ಖರ್ಲಾಮೊವ್ ಅನ್ನುತ್ತಿದ್ದೆ. ಮುರುಕು ಇಂಗ್ಲಿಷಿನಲ್ಲಿ ಮರ್ಯಾದೆ ಎಂಬ ಶಬ್ದ ಸಿಗಲಿಲ್ಲ. ಪದ್ಧತಿ ಎನ್ನುವುದಕ್ಕೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ ಶಬ್ದ. "ಡ್ರಾಮಾ, ಕೋಚ್," ಎಂದ.

ಗೆನ್ನಾದಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸೇಸಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹನ್ನೆರಡು ವರ್ಷ," ಎಂದ ಗೆನ್ನಾದಿ. "ಒಳ್ಳೆಯ ಆಕ್ಟರ್ ನೀನು, ಮಾರಾಯ."

ಕಾಗದವನ್ನು ಮತ್ತೆ ಮಡಚಿ ಕಿಸೆಗೆ ಹಾಕಿದ. ಸೇಸಪ್ಪನ ಎರಡೂ ಕೆನ್ನೆಗೆ ಮುತ್ತಿಟ್ಟ, ಹೊಸ ಹಲ್ಲು ತಣ್ಣಗೆ ತಾಗಿತು. ಟ್ಯಾಕ್ಸಿ ಬಂದು ನಿಂತಿತ್ತು. ರಹ್ಮತ್ ಓಡಿ ಬಂದು ಪೆಟ್ಟಿಗೆ ಎತ್ತಿ ಇಟ್ಟ. ವಾಚ್‌ಮನ್ ಸೇಸಪ್ಪನ ಬೆನ್ನಿಗೇ ನಿಂತು ಗೆನ್ನಾದಿಗೆ ಸಲಾಂ ಹೊಡೆದ.

ಟ್ಯಾಕ್ಸಿ ತಿರುವು ದಾಟಿದ ಮೇಲೆ ಸೇಸಪ್ಪನಿಗೆ ಒಂದು ಸಂಗತಿ ಹೊಳೆಯಿತು. ಮೊದಲ ದಿನ ಪಕ್ಷ ಹಿಡಿದದ್ದು ಪದ್ಧತಿಗಾಗಿ, ಅದು ಸರಿ. ಆಮೇಲೆ ಎಷ್ಟು ಬೆಳಿಗ್ಗೆ ಖಾಲಿ ಗೋಲಿನ ಮುಂದೆ ಗಾಡಿ ನಿಲ್ಲಿಸಿ, ಅಲ್ಲಿ ಕಾಣದ ಆ ಮನುಷ್ಯನಿಗೆ ಕೈಮುಗಿದದ್ದಿಲ್ಲ? ತ್ರೆತ್ಯಾಕನೇ ದೊಡ್ಡವನೆಂದು ಅವನು ಯಾವಾಗಲೋ ನಿಜಕ್ಕೂ ನಂಬಿಬಿಟ್ಟಿದ್ದ. ಹನ್ನೆರಡು ವರ್ಷದಲ್ಲಿ ಆಡಿದ ಸುಳ್ಳು ಒಂದೇ, ಅದು ಐದು ನಿಮಿಷದ ಹಿಂದೆ ಕೈಜೋಡಿಸಿ ಆಡಿದ್ದು. ಇನ್ನು ಅದನ್ನು ಯಾರ ಹತ್ತಿರ ಹೋಗಿ ಹೇಳುವುದು?

"ಏನಾಯ್ತು, ಮಾತಾಡಿದ್ರಾ?" ಎಂದು ಅಂಗಣಕ್ಕೆ ಮರಳಿದವನನ್ನು ಕಂಡು ಲೊರೈನ್ ಕೌಂಟರಿನಿಂದಲೇ ಕತ್ತು ಚಾಚಿದಳು.

"ಮಾತಾಡಿದ್ರು."

"ಸಿಟ್ಟು ಹೋಯ್ತಾ?"

"ಸಿಟ್ಟೇ ಇರ್ಲಿಲ್ಲ."

"ನೋಡಿ, ನಾನು ಹೇಳ್ಲಿಲ್ವಾ," ಎಂದಳು ಲೊರೈನ್, ಖುಷಿಯಿಂದ.

ಸಂಜೆಯ ಆಟಕ್ಕೆ ಸೇಸಪ್ಪ ಮಂಜಿಗೆ ನೀರೆರೆದ. ಗಾಡಿ ನಿಲ್ಲಿಸಿ ಬೆಂಚಿನಲ್ಲಿ ಕೂತ. ಅವನ ಹನ್ನೊಂದು ದಿನದ ಹಿಂದಿನ ಮಾತು ಅಲ್ಲೇ ಎಲ್ಲೋ ಗಾಳಿಯಲ್ಲಿ ಉತ್ತರವಿಲ್ಲದೆ ನಿಂತ ಹಾಗಿತ್ತು. ಆ ಕಾಗದದಲ್ಲಿ ಏನಿದ್ದಿರಬಹುದು? ಅವನು ಖರ್ಲಾಮೊವನ ಪರವಾಗಿ ಮೆಲ್ಲಗೆ ಒಂದು ಉತ್ತರ ಹೇಳಿ ನೋಡಿದ. ತ್ರೆತ್ಯಾಕನ ಪರವಾಗಿ ಅದನ್ನು ಒಂದೇ ಮಾತಿಗೆ ಮುರಿದ. ಇನ್ನೊಂದು ಕಟ್ಟಿದ, ಅದೂ ಮುರಿಯಿತು. ತಾನೇ ಕಲ್ಪಿಸಿ ಎದುರು ಕೂರಿಸಿಕೊಂಡವನು ಬರೀ ಪೆದ್ದನಾಗಿದ್ದ, ಏನು ಹೇಳಿಕೊಟ್ಟರೂ ಸೋಲುತ್ತಿದ್ದ. ನೀರು ಗಟ್ಟಿಯಾಗಿ ಬಹಳ ಹೊತ್ತಾಗಿತ್ತು, ಮಕ್ಕಳು ಹೊರಗಿನಿಂದ ಗಾಜು ತಟ್ಟುತ್ತಿದ್ದರು. ಸೇಸಪ್ಪ ಆ ಪೆದ್ದನಿಗೆ ಇನ್ನೂ ಒಂದು ಅವಕಾಶ ಕೊಟ್ಟ.