ಕಟ್ಟಿಗೆ ಹಣ್ಣು, ಕನಸಿನ ಹಣ್ಣು

ದಿನವಿಡೀ ಸುಳ್ಳು ಹಣ್ಣು ಮಾಡುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಗೋಕಾಕದಲ್ಲಿ ನಾನು ಕಟ್ಟಿಗೆಯ ಹಣ್ಣುಗಳಿಗೆ ಬಣ್ಣ ಹಚ್ಚುತ್ತಿದ್ದೆ. ಬಾಜೂಕ್ಕೆ ಕೂಡುತ್ತಿದ್ದ ಜೊತೆಗಾರನದೂ ಅದೇ ಕೆಲಸ. ನನಗಿಂತ ಚಲೋ ಹಚ್ಚುತ್ತಿದ್ದ. ಅದು ನನಗೆ ಸೇರುತ್ತಿರಲಿಲ್ಲ. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಮುಂಬಯಿಯ ಪ್ರದರ್ಶನಕ್ಕೆ ನಮ್ಮಿಬ್ಬರಲ್ಲಿ ಒಬ್ಬನನ್ನು ಕಳಿಸುವುದಿತ್ತು. ನಾನು ಸಮುದ್ರ ನೋಡಿರಲಿಲ್ಲ.

ಹಲ್ಲಿನ ಗುರುತು

ಅವನ ಮಾವಿನಹಣ್ಣಿನ ಕೆಂಪು ನೋಡಿ ಮಾಲಕರು ಹಿಗ್ಗಿದರು. ಎಲ್ಲಿ ಕಲಿತೆ ಎಂದು ಕೇಳಿದೆ.

“ಕನಸಿನಾಗ. ಇದು ಕನಸು ಅಂತ ಅಲ್ಲಿದ್ದಾಗನ ನನಗ ಗೊತ್ತಾಗತೈತಿ. ಬೇಕಾದಷ್ಟು ಸಲ ಹಚ್ಚಿ ನೋಡತೇನಿ. ಬಣ್ಣದ ಖರ್ಚಿಲ್ಲ.”

“ಗೊತ್ತಾಗೂದು ಹೆಂಗ?”

“ಹಗಲೊತ್ತು ಆಗಾಗ ಒಂದು ಹಣ್ಣು ಕಚ್ಚಿ ನೋಡಬೇಕು. ಹಲ್ಲಿಗೆ ಕಟ್ಟಿಗಿ ಹತ್ತಿದ್ರ ಎಚ್ಚರ, ರಸ ಬಂದ್ರ ಕನಸು. ರೂಢಿ ಆತಂದ್ರ ಕನಸಿನಾಗೂ ಕಚ್ಚತೀದಿ.”

ಖರೇ ಹಣ್ಣು ತಿನ್ನುವ ಪಗಾರ ನಮ್ಮದಾಗಿರಲಿಲ್ಲ. ಹಾಗಾಗಿ ಅವನ ಮಾತು ಸರಿಯೇ ಇತ್ತು.

ಒಮ್ಮೆ ಮಾಲಕರು ಹಲ್ಲಿನ ಗುರುತಿದ್ದ ಸೀತಾಫಲ ಎತ್ತಿ ಹಿಡಿದು, “ಇಲಿ ಆಗ್ಯಾವೇನ್ರೋ?” ಎಂದರು. ಅವನು ಬಾಯಿ ತೆರೆಯಲಿಲ್ಲ. ಹಲ್ಲು ಹಸಿರಾಗಿದ್ದವು.

ನಾನೆಂದೆ: “ಒಂದ ಒಂದು ಐತ್ರಿ. ಧೋತರ ಉಟ್ಟೈತಿ.”

ಮೂಡಲಗಿಯ ಅತ್ತೆ

ಅವನ ಕನಸಿನ ಸುದ್ದಿ ಮೂಡಲಗಿಯಲ್ಲಿದ್ದ ಸೋದರತ್ತೆಗೆ ಮುಟ್ಟಿತು. ಬಂದಳು.

“ನಿಮ್ಮ ಮಾಮಾ ಸಾಯೂ ಮುಂದ ಅಡಕತ್ತರಿ ಎಲ್ಲೋ ಇಟ್ಟಾನ. ಕನಸಿನಾಗ ಕೇಳಿ ಬಾ.”

“ಅತ್ತಿ, ಕನಸಿನ ಮಾಮಾಗ ನನಗ ಗೊತ್ತಿದ್ದಷ್ಟ ಗೊತ್ತಿರತೈತಿ.”

“ಜೋರು ಮಾಡಿ ಕೇಳು.”

ಮರುದಿನ ಅವನು ವರದಿ ಒಪ್ಪಿಸಿದ. “ಕೇಳಿದೆ. ಮಾರಿ ತಿರುವಿ ಕುಂತ. ಮಾತಾಡಲಿಲ್ಲ.”

ಅತ್ತೆ ಕಣ್ಣೊರೆಸಿಕೊಂಡಳು. “ಹಂಗಾರ ಖರೇನ ಅಂವನ.”

ನನ್ನ ಪಾಳಿ

ನಾನೂ ಕಚ್ಚತೊಡಗಿದೆ. ನಸುಕಿನಲ್ಲಿ ಎದ್ದು ನೀರು ಕುಡಿದು, ಕಚ್ಚಬೇಕು ಎಂದುಕೊಳ್ಳುತ್ತ ಮತ್ತೆ ಮಲಗುತ್ತಿದ್ದೆ. ಕೊನೆಗೊಮ್ಮೆ ರಸ ಬಂತು. ಕನಸು ಎಂದು ತಿಳಿಯಿತು. ಇನ್ನು ನಾನು ಹೇಳಿದ್ದೇ ಆಗಬೇಕು ಎಂದುಕೊಂಡು ಮಾಲಕರ ಕಡೆ ನಡೆದೆ. ಅಲ್ಲಿ ಜೊತೆಗಾರ ಮೊದಲೇ ಕುಳಿತಿದ್ದ. ಮಾಲಕರು ಅವನಿಗೆ ಚಹಾ ಕೊಡುತ್ತಿದ್ದರು.

“ಇದು ನನ್ನ ಕನಸ್ರಿ” ಎಂದೆ.

“ಇರಲಿ, ಬಾಗಿಲಾ ಹಾಕ್ಕೊಂಡು ಹೋಗು” ಎಂದರು ಮಾಲಕರು.

ಹುಕ್ಕೇರಿ

ಪ್ರದರ್ಶನಕ್ಕೆ ನಮ್ಮ ಸಾಮಾನು ಒಯ್ಯುವ ಸಾಹುಕಾರರು ಹುಕ್ಕೇರಿಯವರು. ಯಾರು ಹೋಗಬೇಕೆಂಬುದರಲ್ಲಿ ಅವರದೇ ಮಾತು. ಮಾಲಕರು ನಮ್ಮಿಬ್ಬರನ್ನೂ ಅವರ ಮನೆಗೆ ಕರೆದೊಯ್ದರು. ಬಸ್ಸಿನ ಧೂಳು ಕುಡಿದು ದಣಿದಿದ್ದ ಜೊತೆಗಾರ ಕಂಬಕ್ಕೆ ಒರಗಿ ತೂಕಡಿಸಿದ. ಸಾಹುಕಾರರು ಹಿತ್ತಲಿನ ಪೇರಲ ಹಣ್ಣು ತರಿಸಿ ತಾಟಿನಲ್ಲಿ ಇಡಿಸಿದರು. ಅವನು ಕಣ್ಣು ಬಿಟ್ಟ. ರೂಢಿಯಂತೆ ಒಂದನ್ನು ಕಚ್ಚಿದ. ರಸ ಬಂತು.

ಎದ್ದು ನಿಂತ. ಮಾಲಕರ ರುಮಾಲು ತೆಗೆದು ತನ್ನ ತಲೆಗೆ ಇಟ್ಟುಕೊಂಡ. “ಬಾಳ ದಿನಾ ಕುಂತಿ, ಮಾಲಕ. ಏಳು” ಎಂದ. ಸಾಹುಕಾರರ ಗಲ್ಲ ಹಿಂಡಿದ. “ನಾ ಮುಂಬಯಿಗೆ ಹೊಂಟೆ” ಎಂದು ಹೊರಗಿನ ಕಟ್ಟೆಯ ಮೇಲೆ ಹೋಗಿ, ಕೈ ಚಾಚಿ ಹಾರಿದ. ಎಮ್ಮೆಯ ಬಾಜೂಕ್ಕೆ ಬಿದ್ದ.

ನನಗೆ ಸಮುದ್ರ ಕಂಡಂತಾಯಿತು.

ಅವನು ಸೆಗಣಿ ಒರೆಸಿಕೊಳ್ಳುತ್ತ ಎಲ್ಲವನ್ನೂ ಬಿಡಿಸಿ ಹೇಳಿದ. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮಾಡಿದವಗ ಖರೇ ಹಣ್ಣು ಯಾವುದು, ಕಟ್ಟಿಗಿ ಯಾವುದು ಗುರ್ತ ಹತ್ತಲಿಲ್ಲ ಅಂದ್ರ ಇದಕ್ಕಿಂತ ಚಲೋ ಜಾಹೀರಾತು ಬೇಕೇನ್ರಿ? ಮುಂಬಯಿ ಮಂದಿಗೆ ಇದನ್ನ ಹೇಳೂಣು. ಇವನ್ನ ಕಳಸ್ರಿ.”

ನಾನು ಎದ್ದೆ. ಹೋಗಿ ಕಟ್ಟೆ ಹತ್ತಿದೆ. ಕೈ ಚಾಚಿದೆ.

ಮಾಲಕರು ರುಮಾಲು ಸುತ್ತಿಕೊಳ್ಳುತ್ತ ಎಂದರು: “ಇಳಿ ಕೆಳಗ. ನೀ ಎಚ್ಚರ ಅದಿ.”