ದೊಡ್ಡವ್ವನ ಮಾತಿನ ಪೆಟ್ಟಿಗೆ

ಗಜೇಂದ್ರಗಡದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅಳಬೇಕಾದ ಹೊತ್ತಿನಲ್ಲಿ ನಗು ನುಗ್ಗಿ ಬರುವಂಥ ಪ್ರಸಂಗಗಳು ನಮ್ಮ ಮನೆತನದಲ್ಲಿ ಮೇಲಿಂದ ಮೇಲೆ ಆಗುತ್ತಿರುತ್ತವೆ. ದೊಡ್ಡವ್ವನಿಗೆ ಲಕ್ವಾ ಹೊಡೆದ ವರ್ಷವೂ ಅವು ನಮ್ಮನ್ನು ಬಿಡಲಿಲ್ಲ.

ಮೇಲೆತ್ತಿದ ಕೈ

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಮಗ್ಗದ ಮುಂದೆ ಕುಳಿತು ಸೀರೆ ನೇಯುತ್ತಲೇ ಇಡೀ ಓಣಿಯ ಜೊತೆ ಮಾತಾಡುತ್ತಿದ್ದಳು. ಮಗ್ಗದ ಸದ್ದಿಗಿಂತ ಅವಳ ಸದ್ದೇ ಹೆಚ್ಚು. ಒಂದು ಮುಂಜಾನೆ ಎರಡೂ ಸದ್ದು ಒಟ್ಟಿಗೇ ನಿಂತವು. ದೊಡ್ಡಪ್ಪ ಹೋಗಿ ನೋಡಿದರೆ ಮಗ್ಗದ ಮೇಲೆ ವಾಲಿ ಬಿದ್ದಿದ್ದಳು.

ದವಾಖಾನೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಎರಡರಲ್ಲೂ ಕಸುವಿರಲಿಲ್ಲ. ಮಾತು ಪೂರ್ತಿ ಹೋಗಿತ್ತು. ಕಿವಿ ಚಲೋ ಇತ್ತು, ಬುದ್ಧಿ ಮೊದಲಿನಷ್ಟೇ ಚುರುಕು. ನಾವು ಆಡಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಅವಳ ಮನಸ್ಸಿನಲ್ಲಿದ್ದದ್ದು ಮಾತ್ರ ನಮಗೆ ತಿಳಿಯುತ್ತಿರಲಿಲ್ಲ. ದೊಡ್ಡಪ್ಪ ಹಗಲಿಡೀ ಮಂಚದ ಪಕ್ಕ ಕುಳಿತು, "ನೀರ ಬೇಕನು? ಚಹಾ ಬೇಕನು? ಮಗ್ಗಲಾ ಬದಲಿಸ್ಲೇನು?" ಎಂದು ಕೇಳುವನು. ಅವಳು ಬೇಸತ್ತು ಕಣ್ಣು ಮುಚ್ಚುವಳು.

ಒಂದು ದಿನ ದೊಡ್ಡವ್ವ ಎಡಗೈ ಎತ್ತಿ ಮಾಳಿಗೆಯ ಕಡೆ ತೋರಿಸಿದಳು. ಕೈ ಇಳಿಸಲೇ ಇಲ್ಲ. ದೊಡ್ಡಪ್ಪ ನನಗೆ ಫೋನ್ ಮಾಡಿ ಅತ್ತ: "ಮ್ಯಾಲೆ ಹೊಂಟೀನಿ ಅನ್ನಾಕತ್ತಾಳೋ ತಮ್ಮಾ, ಲಗೂ ಬಾ!"

ಅಂಗಡಿ ಮುಚ್ಚಿ ಓಡಿದೆ. ಅಷ್ಟರಲ್ಲಿ ಓಣಿಯೆಲ್ಲ ನೆರೆದಿತ್ತು. ಒಬ್ಬರು ವಿಭೂತಿ ಹಚ್ಚಿದರು. ಭಜನೆಯವರು ಮೂಲೆಯಲ್ಲಿ ಕುಳಿತು ಪದ ಶುರು ಮಾಡಿದರು. ದೊಡ್ಡವ್ವನ ಕೈ ಇನ್ನೂ ಮೇಲೇ ಇತ್ತು. ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿ ಹೆಂಗಸರು ಮತ್ತಷ್ಟು ಅತ್ತರು.

ನರಗುಂದಕ್ಕೆ ಕೊಟ್ಟ ಅವಳ ಮಗಳು, ನನಗೆ ಅಕ್ಕ, ಸಿಕ್ಕ ಬಸ್ಸು ಹತ್ತಿ ಬಂದಳು. ಬಂದವಳೇ ತಾಯಿಯನ್ನು ತಬ್ಬಿಕೊಂಡಳು. ಮರುಕ್ಷಣ ತಿರುಗಿ, "ಮೈ ಹ್ಯಾಂಗ ತಣ್ಣಗ ಆಗೈತಿ ನೋಡ್ರಿ! ಇಂಥಾ ಥಂಡ್ಯಾಗ ಫ್ಯಾನ್ ಯಾರ ಹಚ್ಚ್ಯಾರ?" ಎಂದು ಎದ್ದು ಹೋಗಿ ಫ್ಯಾನ್ ಬಂದ್ ಮಾಡಿದಳು.

ದೊಡ್ಡವ್ವ ಕೈ ಇಳಿಸಿದಳು.

ಅಳಿಸಿದ ಅಕ್ಷರ

ಆವತ್ತೇ ನಾನು ನಿರ್ಧರಿಸಿದೆ, ಇವಳಿಗೆ ಹೇಗಾದರೂ ಮಾಡಿ ಮಾತು ಕೊಡಬೇಕು. ಒಂದು ಗುಂಡಿ ಒತ್ತಿದರೆ ಕಂಪ್ಯೂಟರ್ ಒಂದು ಮಾತು ಹೇಳುವಂತೆ ಮಾಡುವುದು ಕಷ್ಟವಲ್ಲ. ಆದರೆ ಕೀಬೋರ್ಡಿನ ಗುಂಡಿಗಳು ಸಣ್ಣವು, ಒತ್ತೊತ್ತಾಗಿ ಇರುತ್ತವೆ. ದೊಡ್ಡವ್ವನ ಎಡಗೈ ನಡುಗುತ್ತಿತ್ತು. ಒಂದು ಒತ್ತಲು ಹೋದರೆ ನಾಲ್ಕು ಒತ್ತಿಹೋಗುತ್ತಿದ್ದವು. ದೂರ ದೂರ ಕೂಡಿಸಿದ ಕೆಲವೇ ದೊಡ್ಡ ಗುಂಡಿಗಳು ಬೇಕಾಗಿದ್ದವು. ಅದಕ್ಕೆ ಹಳೇ ಕಾಲದ, ಪ್ರತಿಯೊಂದು ಗುಂಡಿಗೂ ಬೇರೆ ಸ್ವಿಚ್ ಇರುವ ಭಾರದ ಕೀಬೋರ್ಡೇ ಆಗಬೇಕು. ಅದರ ಸ್ವಿಚ್ ಬಿಚ್ಚಿ, ವೈರು ಎಳೆದು, ಬೇರೆ ಪೆಟ್ಟಿಗೆಯಲ್ಲಿ ಕೂಡಿಸಬಹುದು.

ಹುಡುಕುತ್ತ ರೋಣದ ಗುಜರಿ ಅಂಗಡಿಗೆ ಹೋದೆ. ಅಂಗಡಿಯವನು ತಗಡಿನ ರಾಶಿಯ ಬುಡದಿಂದ ಹಳದಿಗಟ್ಟಿದ ಒಂದು ಕೀಬೋರ್ಡನ್ನು ಎಳೆದು ತಕ್ಕಡಿಗೆ ಹಾಕಿದ.

"ಇದರ ಮ್ಯಾಲಿನ ಅಕ್ಷರ ಎಲ್ಲಾ ಅಳಿಸಿ ಹೋಗ್ಯಾವಲ್ರಿ?" ಎಂದೆ. ನನಗೆ ಅಕ್ಷರ ಬೇಕಾಗಿರಲಿಲ್ಲ, ಸುಮ್ಮನೆ ಕೇಳಿದೆ.

ಅವನು ಗಂಭೀರವಾಗಿ ನನ್ನನ್ನು ನೋಡಿದ. "ನಾವು ತೂಕದ ಮ್ಯಾಲೆ ಮಾರೋರ್ರಿ. ಅಕ್ಷರ ಹೋಗಿದ್ರ ಅಷ್ಟ ಹಗುರ ಆಗಿರ್ತೈತಿ. ಲಾಭ ನಿಮಗ."

ಕೀಲಿ

ಮೊದಲು ಸ್ವಿಚ್ಚುಗಳನ್ನು ಪೇಡೆ ತಂದಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಸಿದೆ. ದೊಡ್ಡವ್ವ ಕೈ ಇಟ್ಟೊಡನೆ ಅದು ಜಾರಿ ಮಂಚದಿಂದ ಕೆಳಗೆ ಬಿತ್ತು. ಅವಳು ಮುಖ ಗೋಡೆಗೆ ತಿರುಗಿಸಿದಳು. ಆ ಸಂಜೆ ಎಷ್ಟು ಕರೆದರೂ ನನ್ನ ಕಡೆ ನೋಡಲಿಲ್ಲ. ತನ್ನ ಕೈಲಾಗದ್ದಕ್ಕೆ ಡಬ್ಬಿ ಬಿತ್ತು ಎಂದು ತಿಳಿದಿದ್ದಳು. ತಪ್ಪು ಡಬ್ಬಿಯದು ಎಂದು ಹೇಳಿದರೂ ನಂಬಲಿಲ್ಲ.

ಮರುದಿನ ಬಡಿಗೇರನ ಹತ್ತಿರ ಹೋದೆ. ಓಣಿಯ ಮಗ್ಗಗಳನ್ನೆಲ್ಲ ದುರಸ್ತಿ ಮಾಡುವವನು ಅವನೇ.

"ಒಂದ್ ಪೆಟ್ಟಿಗಿ ಬೇಕ್ರಿ. ಮುಂದ ಇಳಿಜಾರ ಇರಬೇಕು, ಮ್ಯಾಲೆ ಎಂಟು ತೂತು, ಹಿಂದ ವೈರ್ ಹೋಗಾಕ ಒಂದು."

"ಇಲಿ ಬೋನೇನ್ರಿ?"

"ಅಲ್ರಿ. ನಮ್ಮ ದೊಡ್ಡವ್ವ ಮಾತಾಡಾಕ."

ಅವನು ಉಳಿ ಕೆಳಗಿಟ್ಟ. "ಅವರ ಕೈ ಅಳತಿ ತರ್ರಿ" ಎಂದ.

ಕಾಗದ ಹಾಸಿ ದೊಡ್ಡವ್ವನ ಎಡಗೈ ಇರಿಸಿ ಸುತ್ತ ಪೆನ್ಸಿಲ್ ಎಳೆದೆ. ನಡುಗುವ ಬೆರಳುಗಳನ್ನು ಅವಳೇ ಕಾಗದಕ್ಕೆ ಒತ್ತಿ ಹಿಡಿದಿದ್ದಳು.

ಬಡಿಗೇರ ಸಾಗವಾನಿ ಕಟ್ಟಿಗೆಯಲ್ಲಿ ಮಾಡಿಕೊಟ್ಟ. ಮೂಲೆಗಳನ್ನು ಉಜ್ಜಿ ನುಣುಪು ಮಾಡಿದ್ದ. ಮಣಿಕಟ್ಟು ಇಡಲು ಒಂದು ತಗ್ಗು, ಜಾರದಂತೆ ತಳಕ್ಕೆ ರಬ್ಬರು, ಒಂದೊಂದು ಸ್ವಿಚ್ಚಿನ ಮೇಲೆ ಅಂಗೈಯಿಂದಲೂ ಒತ್ತಬಹುದಾದಂಥ ಕಟ್ಟಿಗೆಯ ಗುಂಡಿ. ಇಷ್ಟೆಲ್ಲ ಸರಿ. ಆದರೆ ಪಕ್ಕಕ್ಕೆ ಹಿತ್ತಾಳೆಯ ಚಿಲಕ ಹಚ್ಚಿ ಸಣ್ಣ ಕೀಲಿಯನ್ನೂ ಹಾಕಿದ್ದ.

"ಇದ್ಯಾಕ್ರಿ?" ಎಂದೆ.

"ಹೆಣ್ಮಕ್ಕಳ ಪೆಟ್ಟಿಗಿ ಅಂದ್ರ ಕೀಲಿ ಇಲ್ದ ಕೊಟ್ಟು ರೂಢಿ ಇಲ್ರಿ ನನಗ."

ಮನೆಗೆ ತಂದು ದೊಡ್ಡಪ್ಪನಿಗೆ ತೋರಿಸಿದೆ. ಹೊರಳಿಸಿ ಹೊರಳಿಸಿ ನೋಡಿದ. ಗುಂಡಿಗಳ ಮೇಲೆ ಕೈಯಾಡಿಸಿದ. ಅವನ ಕಣ್ಣು ಒದ್ದೆಯಾದವು. ಕೀಲಿಯನ್ನು ಒಮ್ಮೆ ಹಾಕಿ, ತೆಗೆದು ನೋಡಿದ. ಆಮೇಲೆ ನನ್ನನ್ನು ಪಡಸಾಲೆಗೆ ಕರೆದೊಯ್ದು ಕಿವಿಯ ಹತ್ತಿರ ಮೆಲ್ಲಗೆ ಕೇಳಿದ:

"ಕೀಲಿಕೈ ಯಾರ ಹತ್ರ ಇರ್ತೈತಿ?"

ಬಂದ್ನಿ, ಬಂದ್ನಿ

ಪೆಟ್ಟಿಗೆಯಾಯಿತು, ಮಾತು ಯಾರ ದನಿಯಲ್ಲಿ ಇರಬೇಕು? ಕಂಪ್ಯೂಟರಿನ ದನಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂತೆಂದು ಮೈಕಿನಲ್ಲಿ ಕೂಗಿದ ಹಾಗಿತ್ತು. ದೊಡ್ಡವ್ವ ಅದನ್ನು ಕೇಳಿ ತಲೆ ಕೊಡವಿದಳು.

ಆಗ ಅಕ್ಕ ತನ್ನ ಫೋನ್ ತೆಗೆದಳು. ತಾಯಿ ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನು ಒಂದೂ ಅಳಿಸಿರಲಿಲ್ಲ. ಹಚ್ಚಿದೊಡನೆ ಮನೆ ತುಂಬ ದೊಡ್ಡವ್ವನ ದನಿ. ದೊಡ್ಡಪ್ಪ ಮುಖಕ್ಕೆ ಟವೆಲ್ ಹಿಡಿದು ಹೊರಗೆ ಹೋದ.

ಅದರಿಂದ ಮಾತು ಕತ್ತರಿಸಿ ಪೆಟ್ಟಿಗೆಗೆ ಹಾಕಲು ಕುಳಿತೆವು. ಹಾಕಬೇಕೆಂದರೆ ಮೆತ್ತಗೆ ಆಡಿದ ಮಾತು ಒಂದೂ ಇಲ್ಲ. "ನೀರು" ಹುಡುಕಿದರೆ ಸಿಕ್ಕದ್ದು, "ಮೊದ್ಲ ಕೂಸಿಗಿ ನೀರ ಕೊಡ, ಆಮ್ಯಾಲೆ ಫೋನ್ ನೋಡೀಯಂತ!" ದೊಡ್ಡಪ್ಪನನ್ನು ಕರೆಯುವ ಗುಂಡಿಗೆ ಸಿಕ್ಕದ್ದು, ಮೆಸೇಜಿನ ನಡುವೆಯೇ ಅವನಿಗೆ ಒದರಿದ "ರೀ! ಎಲ್ಲಿ ಹೋಗಿ ಕುಂತೀರಿ? ಕರದು ಕರದು ಗಂಟಲ ಹರದ ಹೋತು!" ಎಂಬುದು. ಬೇರೆ ದಾರಿಯಿಲ್ಲದೆ ಅದನ್ನೇ ಹಾಕಿದೆ.

ಮಂಚದ ಪಕ್ಕ ಕಂಪ್ಯೂಟರ್ ಇಟ್ಟು ಅದಕ್ಕೆ ಪೆಟ್ಟಿಗೆ ಹಚ್ಚಿದ ಮುಂಜಾನೆ ದೊಡ್ಡಪ್ಪ ಹಿತ್ತಲಲ್ಲಿ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಯಾವ ಗುಂಡಿ ಯಾವುದಕ್ಕೆ ಎಂದು ದೊಡ್ಡವ್ವನಿಗೆ ತೋರಿಸಿದೆ. ಅವಳು ಮೊದಲು ಒತ್ತಿದ್ದು ಅವನದನ್ನೇ.

"ರೀ! ಎಲ್ಲಿ ಹೋಗಿ ಕುಂತೀರಿ?"

"ಬಂದ್ನಿ, ಬಂದ್ನಿ!" ಎನ್ನುತ್ತ ದೊಡ್ಡಪ್ಪ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿ ಬಂದ. ಹೊಸ್ತಿಲು ದಾಟಿದ ಮೇಲೆ ನೆನಪಾಯಿತು. ಅಲ್ಲೇ ನಿಂತುಬಿಟ್ಟ. ಕಣ್ಣೀರು ಸೋಪಿನ ಮೇಲೆ ಹರಿಯಿತು, ಒರೆಸಿಕೊಳ್ಳಲಿಲ್ಲ. ದೊಡ್ಡವ್ವ ಬಹಳ ಹೊತ್ತು ಅವನನ್ನೇ ನೋಡಿದಳು. ಮತ್ತೆ ಅದೇ ಗುಂಡಿ ಒತ್ತಿದಳು.

"ಇಲ್ಲೇ ನಿಂತೀನಲ್ಲ," ಎಂದ ದೊಡ್ಡಪ್ಪ ಬಿಕ್ಕುತ್ತ, "ಎಷ್ಟ ಒದರ್ತಿ?"

ಕಡೆಯ ಗುಂಡಿ

ಒಂದು ಗುಂಡಿ ಖಾಲಿ ಉಳಿದಿತ್ತು. ಏನು ಹಾಕಲಿ ಎಂದು ದೊಡ್ಡವ್ವನನ್ನೇ ಕೇಳಿ, ಒಂದೊಂದೇ ಮೆಸೇಜು ಹಚ್ಚುತ್ತ ಹೋದೆ. ಎಲ್ಲದಕ್ಕೂ ತಲೆಯಾಡಿಸಿ ಬೇಡ ಎಂದಳು. ಒಂದರಲ್ಲಿ, ಅಕ್ಕನ ಜೊತೆ ಮಾತಾಡುತ್ತಿರುವಾಗಲೇ ಯಾರದೋ ಆಡು ಮನೆಯೊಳಗೆ ಬಂದು ಜೋಳಕ್ಕೆ ಬಾಯಿ ಹಾಕಿತ್ತು. ಅದಕ್ಕೆ ಬೈದದ್ದೂ ಅದರಲ್ಲೇ ಬಂದಿತ್ತು. ದೊಡ್ಡವ್ವ ಗಬಕ್ಕನೆ ನನ್ನ ಕೈ ಹಿಡಿದಳು.

"ಇದು ಆಡಿಗಿ ಬೈದದ್ದು, ದೊಡ್ಡವ್ವಾ" ಎಂದೆ. ಹೌದೆಂದು ತಲೆಯಾಡಿಸಿದಳು. ಎಷ್ಟು ಹೇಳಿದರೂ ಕೈ ಬಿಡಲಿಲ್ಲ. ಹಾಕಿಕೊಟ್ಟೆ.

ಮುಂದೆ ಒಂದು ವಾರದಲ್ಲಿ ರಾಜೂರಿನಿಂದ ದೊಡ್ಡಪ್ಪನ ದಾಯಾದಿ ತಮ್ಮನೊಬ್ಬ ನೋಡಲು ಬಂದ. ಮಂಚದ ಪಕ್ಕದಲ್ಲೇ ಕುಳಿತು, ದೊಡ್ಡವ್ವ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಮಾತು ತೆಗೆದ.

"ಕೈ ಹೋತು, ಮಾತೂ ಹೋತು. ಇನ್ನ ಈ ಮಗ್ಗ ಸುಮ್ಮನ ಯಾಕ ಜಾಗಾ ಹಿಡೀಬೇಕಣ್ಣಾ? ನಾ ಬಿಚ್ಚಿ ಒಯ್ತೀನಿ. ಕಟಗಿ ಚಲೋ ಐತಿ, ನಮ್ಮ ಹೊಸಾ ಮನಿಗಿ ಬಾಗಲಾ ಆಗ್ತೈತಿ."

ದೊಡ್ಡಪ್ಪ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ. ನೆಲ ನೋಡುತ್ತ, "ನೋಡೂಣಂತ..." ಎಂದ. ಅದನ್ನೇ ಒಪ್ಪಿಗೆ ಎಂದುಕೊಂಡು ತಮ್ಮ ಎದ್ದ. ಮಗ್ಗದ ಕಂಬಕ್ಕೆ ಗೇಣು ಹಾಕಿ ಅಳೆಯತೊಡಗಿದ. ಅರ್ಧ ನೇಯ್ದ ಸೀರೆ ಇನ್ನೂ ಅದರ ಮೇಲೇ ಇತ್ತು.

ಟಪ್ ಎಂದು ಸದ್ದಾಯಿತು.

"ಏ, ಹೊರಗ ಹೋಗ! ತಿನ್ನಾಕ ಬಂತ ನೋಡ ಮತ್ತ! ಯಾರ ಒಳಗ ಬಿಟ್ಟೋರು ಇದನ್ನ?"

ತಮ್ಮ ಮಗ್ಗದಿಂದ ಕೈ ಕಿತ್ತುಕೊಂಡ. ಗಾಬರಿಯಾಗಿ ಬಾಗಿಲ ಹಿಂದೆ ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ. "ಏನ ಬಂತು? ನಾಯೇನು, ಆಡೇನು?"

ದೊಡ್ಡಪ್ಪ ತಲೆಯೆತ್ತಿದ. "ನನಗೇನ ಗೊತ್ತಪಾ. ಆಕಿನ್ನ ಕೇಳು."

ಬಂದಾಗಿನಿಂದ ತಮ್ಮ ಮೊದಲ ಸಲ ಅತ್ತಿಗೆಯ ಕಡೆ ತಿರುಗಿದ. ಹತ್ತಿರ ಬಗ್ಗಿ, ಮುಖಕ್ಕೆ ಮುಖ ತಂದು, ಗಟ್ಟಿಯಾಗಿ ಕೇಳಿದ: "ಎಲ್ಲೈತ್ರಿ ಅದು, ವೈನಿ?"

ದೊಡ್ಡವ್ವ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು.